ಅಪ್ಪನ ಅಡ್ವಾನ್ಸು, ಓನರ್ ಬಣ್ಣ

ಅಪ್ಪನಿಗೆ 78. ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲಾಟು, ಲಿಫ್ಟ್ ಇಲ್ಲ. ಬಿದ್ದು ಸೊಂಟ ಮುರಿದ ಮೇಲೆ ನಮ್ಮನೆಗೆ ಕರ್ಕೊಂಡು ಬಂದ್ವಿ. ಫ್ಲಾಟ್ ಖಾಲಿ ಮಾಡ್ತೀವಿ ಅಂದ್ರೆ ಓನರ್ ಕರಾರುಪತ್ರ ತೋರಿಸಿದರು. 11 ತಿಂಗಳು ಮುಗಿಯೋ ಮೊದಲೇ ಬಿಟ್ಟರೆ ಎರಡು ತಿಂಗಳ ಬಾಡಿಗೆ ಕಟ್ಟು, ಜೊತೆಗೆ ಬಣ್ಣಕ್ಕೆ ಅಂತ ಇನ್ನೊಂದು ತಿಂಗಳದ್ದು!

ಅಲ್ಲಾ ಸ್ವಾಮಿ, ಈ 11 ಎಲ್ಲಿಂದ ಬಂತು? ವರ್ಷ ಮೀರಿದ ಕರಾರನ್ನ ರಿಜಿಸ್ಟರ್ ಮಾಡಿಸಬೇಕು ಅನ್ನುತ್ತೆ 1908ರ ನೋಂದಣಿ ಕಾಯ್ದೆ. ಅದನ್ನ ತಪ್ಪಿಸೋಕೆ ಒಂದು ತಿಂಗಳು ಕಮ್ಮಿ. ಕಾನೂನಿಂದ ನುಣುಚಿಕೊಳ್ಳೋಕೆ ಹುಟ್ಟಿದ ಕಾಗದವೇ ಮುದುಕರ ಮುಂದೆ ಕಾನೂನಾಗುತ್ತೆ.

1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟೀಸು ಸಾಕು. ವಾಸ ಮಾಡಿದ ಮೇಲೆ ಸಹಜವಾಗಿ ಆಗೋ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಆದರೆ ಎರಡಕ್ಕೂ ಒಂದು ಬಾಲ ಇದೆ: ಕರಾರಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ. ಬ್ರೋಕರ್ ಯಾವುದೋ ಹಳೇ ಫೈಲಿಂದ ಕಾಪಿ ಹೊಡೆದು ಅದನ್ನೇ ಬರೆದಿರ್ತಾನೆ. ಅಪ್ಪನ ಕೈಲಿ ಸೈನ್ ಹಾಕಿಸಿದ್ದು ಯಾರು? ನಾನೇ. ಓದಿದ್ನಾ? ಇಲ್ಲ.

ಇದಕ್ಕೆಲ್ಲ ಬಲ ಬರೋದು ಅಡ್ವಾನ್ಸಿಂದ. ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡ ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿತು. ಹೆಸರೇ ಮಾದರಿ, ರಾಜ್ಯಗಳು ಕಾನೂನು ಮಾಡಿದರಷ್ಟೇ ಜಾರಿ. ಅಪ್ಪ ಕೊಟ್ಟಿದ್ದು ಹತ್ತು ತಿಂಗಳದ್ದು. ದುಡ್ಡು ಅವರ ಕೈಯಲ್ಲಿ, ವಾಕರ್ ಅಪ್ಪನ ಕೈಯಲ್ಲಿ. ಕೋರ್ಟಿಗೆ ಯಾರು ಓಡಾಡ್ತಾರೆ?

ಮೂರು ತಿಂಗಳದ್ದು ಹಿಡಕೊಂಡೇ ಕೊಟ್ಟರು. ಮೊನ್ನೆ ಅಪ್ಪನ ಕಾಗದ ತರೋಕೆ ಹೋದಾಗ ಬಾಗಿಲು ತೆರೆದಿತ್ತು, ಹೊಸ ಬಾಡಿಗೆಯವರು ಬಂದಿದ್ದಾರೆ. ಗೋಡೆ ಮೇಲೆ ಅಮ್ಮ ಕ್ಯಾಲೆಂಡರ್ ಹಾಕ್ತಿದ್ದ ಜಾಗದ ಕಲೆ ಹಾಗೇ ಇದೆ.