ಮಲಗಿದ ಬೆಟ್ಟ ಸತ್ತ ಬೆಟ್ಟವಲ್ಲ

ಮಕ್ಕಳೇ, ಜ್ವಾಲಾಮುಖಿ ಎಲ್ಲಿದೆ ಎಂದು ಕೇಳಿದರೆ ಜಪಾನ್, ಇಟಲಿ ಎನ್ನುತ್ತೀರಿ. ನಮ್ಮ ದೇಶದಲ್ಲೂ ಒಂದಿದೆ. ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 140 ಕಿ.ಮೀ. ದೂರದ ಬ್ಯಾರನ್ ದ್ವೀಪ. ಬ್ಯಾರನ್ ಎಂದರೆ ಬಂಜರು. ಅಲ್ಲಿ ಜನವಸತಿ ಇಲ್ಲ.

ದ್ವೀಪದ ಅಗಲ ಸುಮಾರು 3 ಕಿ.ಮೀ. ಹಳೆಯ ಬೆಟ್ಟ ಕುಸಿದು ನಡುವೆ ಸುಮಾರು 2 ಕಿ.ಮೀ. ಅಗಲದ ಬೋಗುಣಿಯಾಗಿದೆ. ಅದರ ಮಧ್ಯೆ, ಕಣದಲ್ಲಿ ರಾಗಿ ರಾಶಿ ಹಾಕಿದಂತೆ, ಬೂದಿ ಮತ್ತು ಸುಟ್ಟ ಕಲ್ಲುಗಳ ಗುಡ್ಡ. ಬೆಂಕಿ ಉಗುಳುವುದು ಇದೇ. ಬೋಗುಣಿಯ ಗೋಡೆ ಪಶ್ಚಿಮದಲ್ಲಿ ಒಡೆದಿದೆ. ಲಾವಾ ಆ ಬಾಗಿಲಿನಿಂದ ಹರಿದು ಸಮುದ್ರ ಸೇರುತ್ತದೆ. ನೀರಿನ ಮೇಲೆ ಕಾಣುವುದು 350 ಮೀಟರಿನಷ್ಟು ಮಾತ್ರ. ಕೆಳಗೆ, ಕಡಲಿನ ತಳದವರೆಗೆ, ಇನ್ನೂ 2000 ಮೀಟರಿಗೂ ಹೆಚ್ಚು ಬೆಟ್ಟವಿದೆ!

ಬೆಂಕಿ ಎಲ್ಲಿಂದ ಬಂತು? ನಾವು ನಿಂತಿರುವ ಭೂಫಲಕ ಅಲ್ಲಿ ಪಕ್ಕದ ಫಲಕದಡಿಗೆ ನಿಧಾನವಾಗಿ ಜಾರುತ್ತಿದೆ. ಆಳಕ್ಕೆ ಹೋದಂತೆ ಅದರ ಕಲ್ಲಿನಲ್ಲಿದ್ದ ನೀರು ಹೊರಬಂದು, ಮೇಲಿನ ಕಾದ ಬಂಡೆಗೆ ಸೇರುತ್ತದೆ. ಉಪ್ಪು ಬಿದ್ದ ಮಂಜುಗಡ್ಡೆ ಬೇಗ ಕರಗುವುದಿಲ್ಲವೇ? ಹಾಗೆಯೇ ನೀರು ಸೇರಿದ ಬಂಡೆ ಕಡಿಮೆ ಶಾಖಕ್ಕೇ ಕರಗಿ ಮೇಲೇರುತ್ತದೆ. 2004ರ ಸುನಾಮಿ ತಂದ ಭೂಕಂಪವೂ ಇದೇ ಫಲಕಗಳ ಅಂಚಿನಲ್ಲೇ ಆದದ್ದು.

ಆ ಲಾವಾ ಆರಿದರೆ ಬಸಾಲ್ಟ್ ಎಂಬ ಕಪ್ಪು ಕಲ್ಲು. ನಮ್ಮ ವಿಜಯಪುರದ ಕಪ್ಪು ಕಲ್ಲೂ ಇದೇ ಜಾತಿಯದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆ ಬೆಂಕಿ ನಿಜಕ್ಕೂ ಆರಿದೆ.

ಬ್ಯಾರನ್ ಹಾಗಲ್ಲ. 1787ರಲ್ಲಿ ಅದು ಉರಿದದ್ದು ದಾಖಲಾಗಿದೆ. 1800ರ ದಶಕದ ಮೊದಲಲ್ಲಿ ತಣ್ಣಗಾದದ್ದು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿತ್ತು. 1991ರಲ್ಲಿ ಎದ್ದಿತು! 1994ರಲ್ಲಿ ಮತ್ತೆ, 2005ರಲ್ಲಿ ಮತ್ತೆ.

ನಾನು ಬ್ಯಾಂಕಿನಲ್ಲಿದ್ದಾಗ, ವರ್ಷಗಟ್ಟಲೆ ವ್ಯವಹಾರವಿಲ್ಲದ ಖಾತೆಯನ್ನು ನಿಷ್ಕ್ರಿಯ ಎಂದು ಬೇರೆ ಇಡುತ್ತಿದ್ದೆವು. ಮುಚ್ಚಿದ ಖಾತೆ ಎನ್ನುತ್ತಿರಲಿಲ್ಲ. ಖಾತೆದಾರ ಎಂದು ಬಂದು ನಿಂತರೂ ಲೆಕ್ಕ ಕೊಡಬೇಕಲ್ಲ! ವಿಜಯಪುರದ್ದು ಮುಚ್ಚಿದ ಖಾತೆ, ಬ್ಯಾರನ್ನದು ಚಾಲ್ತಿ ಖಾತೆ.

ಇನ್ನೊಂದು ನಿಷ್ಕ್ರಿಯ ಖಾತೆಯಿದೆ. ಬ್ಯಾರನ್ನಿನ ಉತ್ತರಕ್ಕೆ, ಕಾಡು ತುಂಬಿದ ನಾರ್ಕೊಂಡಂ ದ್ವೀಪ. ಅದೂ ಜ್ವಾಲಾಮುಖಿಯೇ, ಮಲಗಿದೆ. ಅಲ್ಲಿನ ಮಂಗಟ್ಟೆ ಹಕ್ಕಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ಬೆಟ್ಟ ಎದ್ದರೆ ಆ ಹಕ್ಕಿಗೆ ಬೇರೆ ಮನೆಯಿಲ್ಲ. ಅದಕ್ಕೇ ಮಲಗಿದ ಬೆಟ್ಟದ ಮೇಲೂ ಒಂದು ಕಣ್ಣಿರಬೇಕು.

ಈ ಭಾನುವಾರ ಅಜ್ಜ, ಅಜ್ಜಿಯ ಜೊತೆ ಕುಳಿತು ಅಟ್ಲಾಸ್ ಬಿಚ್ಚಿ, ಈ ಎರಡು ಚುಕ್ಕೆಗಳನ್ನು ಹುಡುಕಿ ನೋಡಿ.