ಭೀಮೆಯ ಮರಳಿನಲ್ಲೊಂದು ಮೀನು

ಆಳಂದದ ಸೀಮೆಯಿಂದ ಇಳಿದುಬರುವ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವಳು. ಆ ನೀರು ಅಫಜಲಪುರವನ್ನು ಬಿಟ್ಟು ಜೇವರ್ಗಿಯ ಕಡೆಗೆ ಸಾಗುವುದು. ಅದರ ತಳದಲ್ಲಿ ಮರಳಿಗೆ ಮೈಯೊತ್ತಿ ಮಲಗಿರುವ ಒಂದು ಮೀನನ್ನು ಕುರಿತು ಈ ತಿಂಗಳು ಬರೆಯುತ್ತೇವೆ. ಸಂತೆಯ ಬುಟ್ಟಿಯಲ್ಲಿ ಇದನ್ನು ಕೊರವದ ಮರಿಯೆಂದು ಭ್ರಮಿಸುವುದು ಸುಲಭ. ಚಪ್ಪಟೆ ತಲೆ, ಉರುಟು ಮೈ, ಮಣ್ಣಿನ ಬಣ್ಣ, ಇವು ಎರಡಕ್ಕೂ ಸಮಾನವಷ್ಟೆ. ಕೊರವದ ಬೆಲೆಯೇನೆಂಬುದನ್ನು ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ.

ಆದುದರಿಂದ ಮೀನನ್ನು ಅಂಗಾತ ಮಾಡಿ ನೋಡತಕ್ಕದ್ದು. ಹೊಟ್ಟೆಯ ಮೇಲಣ ಎರಡು ರೆಕ್ಕೆಗಳು ಒಂದಕ್ಕೊಂದು ಕೂಡಿ ಪುಟ್ಟ ಬಟ್ಟಲಿನಂತಾಗಿದ್ದರೆ ಅದು ಗೋಬಿಯ ಕುಲದ್ದು. ಕೊರವಕ್ಕೆ ಈ ಬಟ್ಟಲಿಲ್ಲ. ಕೊರವದ ಬೆನ್ನಿನ ರೆಕ್ಕೆ ಒಂದೇ, ನೀಳವಾದುದು. ಇದಕ್ಕೋ ಎರಡು, ಮುಂದಿನದರಲ್ಲಿ ಆರು ಮುಳ್ಳುಗಳು. ಕೆಳದವಡೆ ಮುಂಚಾಚಿರುವುದು. ಪಕ್ಕದಲ್ಲಿ ಐದಾರು ಕಪ್ಪು ಮಚ್ಚೆಗಳುಂಟಾದರೂ ಸತ್ತ ಮೀನಿನಲ್ಲಿ ಅವು ಮಾಸುವುದರಿಂದ ಬಟ್ಟಲಿನ ಸಾಕ್ಷ್ಯವೇ ಮೇಲು.

1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಸಾಹೇಬನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು ಪ್ರಕಟಿಸಿ ಇದನ್ನು ವರ್ಣಿಸಿದನು. ಶಾಸ್ತ್ರಜ್ಞರು ಈಗ ಗ್ಲಾಸೊಗೋಬಿಯಸ್ ಗಿಯುರಿಸ್ ಎನ್ನುವರು. ಗ್ರೀಕಿನಲ್ಲಿ ‘ಗ್ಲಾಸೊ’ ಎಂದರೆ ನಾಲಗೆ. ಇದರ ನಾಲಗೆಯ ತುದಿ ಇಬ್ಭಾಗವಾಗಿರುವುದು. ನಮ್ಮ ಪಂಡಿತರು ದ್ವಿಜಿಹ್ವವೆನ್ನುತ್ತಿದ್ದರೇನೋ, ಆದರೆ ಆ ಶಬ್ದವನ್ನು ಹಾವೂ ಚಾಡಿಕೋರನೂ ಮೊದಲೇ ಹಿಡಿದುಕೊಂಡಿರುವರು! ಆಳಂದಕ್ಕೆ ನೆರೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿಯೇ ಮಾನಸೋಲ್ಲಾಸದಲ್ಲಿ ಮೀನುಗಳನ್ನು ಹುರುಪೆಯುಳ್ಳವು, ಇಲ್ಲದವು ಎಂದು ವಿಂಗಡಿಸಿರುವನು. ನಮ್ಮ ಮೀನು ಹುರುಪೆಯ ವರ್ಗಕ್ಕೆ ಸೇರುವುದು.

ಇದರ ದಾಯಾದಿಗಳು ಹವಳದ ದಿಬ್ಬಗಳಲ್ಲಿಯೂ ಉಂಟು. ಕೆಲವು ಸಿಗಡಿಯೊಡನೆ ಒಂದೇ ಬಿಲದಲ್ಲಿ ಸಂಸಾರ ಹೂಡುವುವು. ಬಿಲ ತೋಡುವುದು ಸಿಗಡಿಯ ಕೆಲಸ. ದೃಷ್ಟಿ ಮಂದವಾದ ಅದಕ್ಕೆ ಕಾವಲು ಮೀನಿನದು.

ಭೀಮೆಯ ಗೋಬಿಗೆ ಅಂತಹ ಜೊತೆಗಾರನಿಲ್ಲ. ಅದರ ಹಾಸಿಗೆಯೂ ಮರೆಯೂ ಮರಳೇ. ಅಲ್ಲಿ ಹೊಂಚಿ ಕುಳಿತು ಹುಳುಗಳನ್ನೂ ಕಿರುಮೀನುಗಳನ್ನೂ ಹಿಡಿಯುವುದು. ಸೊನ್ನದ ಬಂಧಾರದಂತಹ ನಿಂತ ನೀರನ್ನು ಇದು ಸಹಿಸಬಲ್ಲುದು. ಆದರೆ ಹೊಳೆಯ ಮರಳನ್ನು ಬುಡದವರೆಗೆ ಬಗೆದು ಗಾಡಿಗಟ್ಟಲೆ ಸಾಗಿಸಿದ ಮೇಲೆ, ಮರಳನ್ನೇ ನಂಬಿದ ಪ್ರಾಣಿ ಮಲಗುವುದೆಲ್ಲಿ? ದಡದ ಊರುಗಳ ಮಕ್ಕಳು ಮರಳು ಉಳಿದಿರುವ ಮಡುವಿನಲ್ಲಿಯೂ ಉಳಿಯದ ಮಡುವಿನಲ್ಲಿಯೂ ಈ ಬಟ್ಟಲುಹೊಟ್ಟೆಯ ಮೀನನ್ನು ಎಣಿಸಿ ನೋಡಲಿ. ಹಾಗೆ ಎಣಿಸಿದವರು ಮೀನಿಗೆ ತಮ್ಮೂರಿನಲ್ಲಿರುವ ಹೆಸರನ್ನೂ ಕೂಡಿಸಿ ಬರೆದು ಕಳುಹಿಸಿದರೆ, ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.