ಚುಚ್ಚುಮದ್ದಿನ ಮರುದಿನ

ಕೇರಳದಲ್ಲೂ ತಮಿಳುನಾಡಿನಲ್ಲೂ ಮಕ್ಕಳ ಚುಚ್ಚುಮದ್ದಿಗೆ ಬುಧವಾರ ಗೊತ್ತಾದ ದಿನ. ಬುಧವಾರ ಸೂಜಿ ಹಾಕಿಸಿದರೆ ರಾತ್ರಿ ಮಗುವಿಗೆ ಮೈ ಬಿಸಿ, ತೊಡೆ ಊತ, ಅಳು. ಗುರುವಾರ ತಾಯಿ ಎಲೆ ಕೀಳಲು ಹೋಗುವಂತಿಲ್ಲ. ಹೋಗದಿದ್ದರೆ ಆ ದಿನದ ಕೂಲಿಯಿಲ್ಲ. “ಚೆನ್ನಾಗಿದ್ದ ಮಗುವಿಗೆ ಜ್ವರ ಬರಿಸಿಕೊಂಡು ಬಂದೆವು” ಎಂಬ ಮಾತನ್ನು ಪಾಡಿಗಳಲ್ಲಿ ನಾವು ಕೇಳುತ್ತಲೇ ಇದ್ದೇವೆ. ಹೀಗೆನ್ನುವ ತಾಯಂದಿರನ್ನು ತಿಳಿಗೇಡಿಗಳೆಂದು ಬೈಯುವವರ ಜೊತೆ ನಾವಿಲ್ಲ. ಜ್ವರ ಬಂದದ್ದೂ ನಿಜ, ಕೂಲಿ ಹೋದದ್ದೂ ನಿಜ.

ಆದರೆ ಆ ಜ್ವರ ಎಂಥದೆಂದು ತಿಳಿದಿರಬೇಕು. 6, 10, 14ನೆಯ ವಾರಗಳ ಪೆಂಟಾವೇಲೆಂಟ್ ಸೂಜಿ 2011ರ ಡಿಸೆಂಬರಿನಲ್ಲಿ ಸರ್ಕಾರದ ವತಿಯಿಂದ ಮೊದಲು ಶುರುವಾದದ್ದೇ ಈ ಎರಡು ರಾಜ್ಯಗಳಲ್ಲಿ. ಅದರಲ್ಲೂ ಒಂದೂವರೆ ವರ್ಷದ ಡಿಪಿಟಿಯಲ್ಲೂ ನಾಯಿಕೆಮ್ಮಿನ ರೋಗಾಣುವನ್ನು ಕೊಂದು ಇಡಿಯಾಗಿ ಸೇರಿಸಿರುತ್ತಾರೆ. ಸತ್ತದ್ದು ರೋಗ ತರಲಾರದು. ಆದರೂ ಮೈ ಅದನ್ನು ವೈರಿಯೆಂದು ಗುರುತಿಸಿ ಕಾದಾಟಕ್ಕೆ ಏಳುತ್ತದೆ. ಜ್ವರ ಹೆಚ್ಚಾಗಿ ಇದರಿಂದ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರ-ರುಬೆಲ್ಲಾ ಸೂಜಿಯ ಕ್ರಮ ಬೇರೆ: ಜ್ವರವೋ ದದ್ದೋ ಬಂದರೆ ಸುಮಾರು ವಾರ ಕಳೆದ ಮೇಲೆ. ಹುಟ್ಟಿದಾಗ ಹಾಕಿದ ಬಿಸಿಜಿ ಕೆಲವು ವಾರಗಳ ನಂತರ ತೋಳಿನಲ್ಲಿ ಗುಳ್ಳೆಯಾಗಿ, ಒಡೆದು, ಕಲೆ ಉಳಿಸುತ್ತದೆ. ಅದಕ್ಕೆ ಅರಿಶಿನ ಬೇಡ, ಬೂದಿ ಬೇಡ. ಕಾಫಿಪುಡಿಯಂತೂ ಡಬ್ಬಿಯಲ್ಲೇ ಇರಲಿ.

ಸೂಜಿಯ ನಂತರ ಅರ್ಧ ಗಂಟೆ ಅಲ್ಲೇ ಕೂರಿಸುವುದು ಸುಮ್ಮನಲ್ಲ. ಮದ್ದು ಮೈಗೆ ಒಗ್ಗದೆ ಉಸಿರು ಕಟ್ಟುವುದು ಬಹಳ ಅಪರೂಪ. ಆದರೆ ಹಾಗಾದರೆ ಕೂಡಲೇ ಔಷಧ ಬೇಕು. ಜೀಪು ಹೊರಡುತ್ತದೆಂದು ಎದ್ದು ಬರಬೇಡಿ. ಮನೆಯಲ್ಲಿ ಮೊಲೆಹಾಲು ಕೊಡುತ್ತಿರಿ, ಕಂಬಳಿಯಲ್ಲಿ ಬಿಗಿಯಬೇಡಿ, ಊದಿದ ಕಡೆ ತಣ್ಣನೆಯ ಒದ್ದೆ ಬಟ್ಟೆ ಸಾಕು, ಉಜ್ಜಬಾರದು. ಪ್ಯಾರಾಸಿಟಮಾಲ್ ಎಷ್ಟೆಂಬುದು ಮಗುವಿನ ತೂಕದ ಮೇಲೆ. ನರ್ಸಮ್ಮನಿಂದ ಬರೆಸಿಕೊಳ್ಳಿ, ಪಕ್ಕದ ಮನೆಯ ಅಳತೆ ಬೇಡ. ಫಿಟ್ಸ್ ಬಂದರೆ, ಮಗು ಸೋತು ಹಾಲು ಬಿಟ್ಟರೆ, ಮೂರು ಗಂಟೆ ಮೀರಿಯೂ ಅಳು ನಿಲ್ಲದಿದ್ದರೆ, ಜ್ವರ ಮೂರನೆಯ ದಿನಕ್ಕೂ ಉಳಿದರೆ ಆಸ್ಪತ್ರೆಗೆ ಒಯ್ಯಿರಿ.

ವಯನಾಡಿಗೂ ನೀಲಗಿರಿಗೂ ಎಲ್ಲೆಯಾಗಿರುವ ಮಲಪ್ಪುರಂ ಜಿಲ್ಲೆಯಲ್ಲಿ 2016ರಲ್ಲಿ ಗಂಟಲುಮಾರಿ ಮತ್ತೆ ತಲೆಯೆತ್ತಿ ಸಾವುಗಳಾದವು. ಆ ರೋಗಕ್ಕೆ ಮದ್ದು ಇರುವುದು ಇದೇ ಸೂಜಿಯಲ್ಲಿ.

ಇನ್ನು ಕೂಲಿಯ ಮಾತು. ಕಾಯಂ ಕೆಲಸದ ತಾಯಿಗೆ ಮೊದಲ ಮೂರು ಸೂಜಿ ಸಾಮಾನ್ಯವಾಗಿ ಹೆರಿಗೆ ರಜೆಯಲ್ಲೇ ಮುಗಿಯುತ್ತವೆ. ತಾತ್ಕಾಲಿಕದ ಎಷ್ಟೋ ತಾಯಂದಿರಿಗೆ ಆ ರಜೆಯೇ ಕೈಗೆ ಸಿಗುವುದಿಲ್ಲ. ಒಂಬತ್ತು ತಿಂಗಳ ಸೂಜಿಯೂ ಒಂದೂವರೆ ವರ್ಷದ್ದೂ ಎಲ್ಲರಿಗೂ ಕೆಲಸದ ದಿನಗಳಲ್ಲೇ ಬರುತ್ತವೆ, ತಪ್ಪಿಹೋಗುವುದೂ ಅವೇ. ಶಿಶುಗೃಹ, ವೈದ್ಯ ಸೌಲಭ್ಯ ತೋಟದ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸೂಜಿಯ ಮರುದಿನ ತಾಯಿಗೋ ತಂದೆಗೋ ಕೂಲಿಸಹಿತ ರಜೆ ಬೇಕು. ಅದಾಗುವವರೆಗೆ ವಾರದ ರಜೆಯನ್ನಾದರೂ ಗುರುವಾರಕ್ಕೆ ಬದಲಿಸಿಕೊಡಲಿ. ಮೈ ಬಿಸಿಯಿರುವ ಮಗುವನ್ನು ಶಿಶುಗೃಹದ ಬಾಗಿಲಿಂದಲೇ ಹಿಂದಕ್ಕೆ ಕಳಿಸುವುದು ನಿಲ್ಲಬೇಕು. ಸಂಘದವರು ಮುಂದಿನ ಮಾತುಕತೆಯಲ್ಲಿ ಇದನ್ನು ಬೋನಸ್ಸಿನ ಕೆಳಗೆ ಮುಚ್ಚಿಹೋಗಲು ಬಿಡಬಾರದು. ಕೆಲಸದಿಂದ ನಿವೃತ್ತರಾದ ಅಜ್ಜಿಯರಲ್ಲಿ ಗುರುವಾರ ಒಂದು ಮಗುವನ್ನು ನೋಡಿಕೊಳ್ಳಬಲ್ಲವರು ತಮ್ಮ ಪಾಡಿಯ ಸಂಘದ ಪ್ರತಿನಿಧಿಗೆ ಹೆಸರು ಕೊಡಿ.